ಏನೂ ಇಲ್ಲದ ಬೀಚಲ್ಲಿ ಅಮ್ಮನ ಜೊತೆ ಒಂದಿಡೀ ದಿನ, ಹೋಗಿ ಬಂದಿರೋರು ಸ್ವಲ್ಪ ಹೇಳ್ತೀರಾ?

ಪ್ರಶ್ನೆ: ಅಮ್ಮಂಗೆ 70ರ ಹತ್ರ ವಯಸ್ಸು, ಮಂಡಿ ನೋವಿದೆ, ಬಿಪಿ ಮಾತ್ರೆ ತಗೋತಾರೆ. ರೆಸಾರ್ಟು, ಅಂಗಡಿ, ಜನ ಯಾವ್ದೂ ಇಲ್ಲದ ಕಡೆ ಬೆಳಗ್ಗಿಂದ ಸಂಜೆ ತನಕ ಸುಮ್ನೆ ಸಮುದ್ರ ನೋಡ್ಕೊಂಡು ಕೂತಿರ್ಬೇಕು ಅಂತ ಅವರಿಗೆ ತುಂಬಾ ಆಸೆ. ನಾವು ಹೋಗ್ತಿರೋ ಉಷ್ಣವಲಯದ ಬೀಚಲ್ಲಿ ತೆಂಗಿನ ಮರ ಬಿಟ್ರೆ ಏನೂ ಇಲ್ಲ, ಟಾಯ್ಲೆಟ್ ಇಲ್ಲ, ಲೈಫ್‌ಗಾರ್ಡೂ ಇಲ್ಲ. ಅಪ್ಪನ್ನೋ ಅಮ್ಮನ್ನೋ ಇಂಥ ಕಡೆ ಕರ್ಕೊಂಡು ಹೋಗಿರೋರು ಏನೇನು ನೋಡ್ಕೊಂಡ್ರಿ?

ಉತ್ತರ: ಮೊದಲು ಉಬ್ಬರ ಇಳಿತದ ಟೈಮ್ ನೋಡಿ, ಮಿಕ್ಕಿದ್ದೆಲ್ಲ ಆಮೇಲೆ. ನಮ್ಮಪ್ಪಂಗೂ ಮಂಡಿ ನೋವು, ಒಣ ಮರಳಲ್ಲಿ ಹತ್ತು ಹೆಜ್ಜೆ ಇಡೋಷ್ಟರಲ್ಲಿ ಸುಸ್ತಾಗ್ತಾರೆ, ಆದ್ರೆ ನೀರು ಇಳಿದಾಗ ಕೆಳಗಡೆ ಒದ್ದೆ ಮರಳು ಗಟ್ಟಿಯಾಗಿರುತ್ತಲ್ಲ, ಅದರ ಮೇಲೆ ನನಗಿಂತ ಮುಂದೆ ನಡೀತಾರೆ. ಬಹಳಷ್ಟು ಕಡೆ ದಿನಕ್ಕೆ ಎರಡು ಸಲ ಉಬ್ಬರ ಬರುತ್ತೆ, ಒಂದರಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ, ಹಾಗಾಗಿ ಟೈಮು ದಿನಾ 50 ನಿಮಿಷದಷ್ಟು ಮುಂದಕ್ಕೆ ಹೋಗ್ತಾನೇ ಇರುತ್ತೆ, ಹೋದ ವಾರ ಹೋಗಿದ್ದೋರು ಹೇಳಿದ ಟೈಮ್ ನಂಬ್ಕೊಂಡು ಹೊರಡ್ಬೇಡಿ. ಬೆಳಗ್ಗೆ ಬೇಗ ಇಳಿತ ಇರೋ ದಿನ ಸಿಕ್ಕಿದ್ರೆ ಬಿಡ್ಲೇಬೇಡಿ, ತಂಪಲ್ಲೇ ನಡೆದಾಡಿದ ಹಾಗಾಗುತ್ತೆ. ಅಮಾವಾಸ್ಯೆ ಹುಣ್ಣಿಮೆ ಆಸುಪಾಸಲ್ಲಿ ನೀರು ಇನ್ನೂ ಮೇಲಕ್ಕೆ ಬರುತ್ತೆ. ದಡದಲ್ಲಿ ಕಸ ಕಡ್ಡಿ, ಸಮುದ್ರದ ಪಾಚಿ ಒಂದು ಗೆರೆ ಥರ ಬಿದ್ದಿರುತ್ತೆ ನೋಡಿ, ಸಾಮಾನು ಅದಕ್ಕಿಂತ ಮೇಲೇ ಇಡಿ. ಬಂಡೆ ದಾಟಿ ಹೋಗೋ ಬೀಚಾದ್ರೆ ವಾಪಸ್ ಬರೋ ದಾರಿ ಉಬ್ಬರದಲ್ಲಿ ಮುಚ್ಚಿ ಹೋಗುತ್ತಾ ಅಂತ ಅಲ್ಲಿನೋರನ್ನೇ ಕೇಳಿ.

ಉತ್ತರ: ಟಾಯ್ಲೆಟ್ ವಿಷಯ ಯಾರೂ ಬಾಯಿ ಬಿಟ್ಟು ಹೇಳಲ್ಲ, ನಾನು ಹೇಳ್ತೀನಿ. ಅಮ್ಮಂದಿರು ಟಾಯ್ಲೆಟ್ ಇಲ್ಲ ಅಂತ ಗೊತ್ತಾದ ತಕ್ಷಣ ನೀರು ಕುಡಿಯೋದನ್ನೇ ನಿಲ್ಲಿಸಿಬಿಡ್ತಾರೆ, ಕೇಳಿದ್ರೆ ಬಾಯಾರಿಕೆ ಇಲ್ಲ ಅಂತಾರೆ. ವಯಸ್ಸಾದ್ಮೇಲೆ ಬಾಯಾರಿಕೆ ಗೊತ್ತಾಗೋದೇ ಕಮ್ಮಿ, ಅದರ ಮೇಲೆ ಬಿಪಿ ಮಾತ್ರೆಗಳಲ್ಲಿ ಕೆಲವು ಮೂತ್ರ ಜಾಸ್ತಿ ಮಾಡಿಸೋವು, ಬಿಸಿಲಲ್ಲಿ ಇದೆಲ್ಲ ಸೇರಿದ್ರೆ ತಲೆ ಸುತ್ತು ಬರುತ್ತೆ. ನೀವಾಗೇ ಮಾತ್ರೆ ನಿಲ್ಲಿಸೋಕೆ ಹೋಗ್ಬೇಡಿ, ಹೊರಡೋ ಮುಂಚೆ ಡಾಕ್ಟರ್ ಹತ್ರ ಒಂದು ಮಾತು ಕೇಳಿ. ನಾವು ಬಟ್ಟೆ ಬದಲಾಯಿಸೋಕೆ ಅಂತ ಸಿಗೋ ಚಿಕ್ಕ ಟೆಂಟು, ಮಡಚೋ ಕಮೋಡ್ ಚೇರು, ಗಟ್ಟಿ ಕವರ್‌ಗಳು ತಗೊಂಡು ಹೋಗ್ತೀವಿ, ಎಲ್ಲಾ ವಾಪಸ್ ತರ್ತೀವಿ. ಹೋದ ತಕ್ಷಣ ಅದನ್ನ ಮೊದಲು ನಿಲ್ಲಿಸಿ ಅಮ್ಮಂಗೆ ತೋರಿಸಿಬಿಡಿ, ಆಮೇಲೆ ಅವರು ಎಷ್ಟು ಆರಾಮಾಗಿ ನೀರು ಕುಡೀತಾರೆ ನೋಡಿ!

ಕೂರೋಕೆ ಬೀಚ್ ಚೇರ್ ಅಂತ ಸಿಗೋ ತಗ್ಗಿನದು ಬೇಡ, ಕೂತ್ರೆ ಏಳೋಕಾಗಲ್ಲ. ಎತ್ತರ ಇರೋದು, ಕೈ ಇಡೋಕೆ ಹಿಡಿ ಇರೋದು ತಗೊಳ್ಳಿ, ಕಾಲು ಮರಳಲ್ಲಿ ಹೂತು ಹೋಗದ ಹಾಗೆ ಕೆಳಗೆ ಹಲಗೆ ತುಂಡು ಇಡಿ.

ಉತ್ತರ: ತೆಂಗಿನ ಮರ ಇದೆ ಅಂದ್ರಲ್ಲ, ದಯವಿಟ್ಟು ನೆರಳಿಗೆ ಅಂತ ಅದರ ಬುಡದಲ್ಲಿ ಕೂರಿಸ್ಬೇಡಿ. ಕಾಯಿ ಕೀಳೋರಿಲ್ಲದ ಜಾಗದಲ್ಲಿ ಕಾಯಿ, ಗರಿ ಯಾವಾಗ ಬೀಳುತ್ತೋ ಹೇಳೋಕಾಗಲ್ಲ, ನೆರಳೂ ತೆಳ್ಳಗೆ, ಅರ್ಧ ಗಂಟೆಗೆ ಸರಿದು ಹೋಗುತ್ತೆ. ದೊಡ್ಡ ಬಟ್ಟೆನೋ ಟಾರ್ಪಾಲೋ ನಾಲ್ಕೂ ಕಡೆ ಮರಳು ಮೂಟೆ ಕಟ್ಟಿ ನಿಲ್ಲಿಸಿದ್ರೆ ಗಾಳಿಗೆ ಛತ್ರಿಗಿಂತ ಚೆನ್ನಾಗಿ ತಡ್ಕೊಳ್ಳುತ್ತೆ. ನೆರಳಲ್ಲಿದ್ರೂ ಮರಳಿಂದ ನೀರಿಂದ ಬಿಸಿಲು ತಿರುಗಿ ಹೊಡೆಯುತ್ತೆ, ಸಮುದ್ರದ ಗಾಳಿಗೆ ಚರ್ಮ ಸುಡ್ತಿರೋದು ಗೊತ್ತೂ ಆಗಲ್ಲ, ಅದಕ್ಕೆ ಉದ್ದ ತೋಳಿನ ತೆಳು ಕಾಟನ್ ಬಟ್ಟೆ, ಅಗಲ ಟೋಪಿ, ಎಸ್‌ಪಿಎಫ್ 30ಕ್ಕಿಂತ ಕಮ್ಮಿ ಇಲ್ಲದ ಸನ್‌ಸ್ಕ್ರೀನ್ ಎರಡು ಗಂಟೆಗೊಂದ್ಸಲ. ಬೆಳಗ್ಗಿಂದ ಸಂಜೆ ತನಕ ಅಂದಿದ್ದೀರಿ, ನನ್ನ ಪ್ರಕಾರ 11ರಿಂದ 3ರವರೆಗೆ ಬೀಚಿಂದ ಹಿಂದೆ ದಟ್ಟ ಮರಗಳಿರೋ ಕಡೆ ಹೋಗಿ ಒಂದು ನಿದ್ದೆ ಮಾಡಿಸಿ, ಆಮೇಲೆ ಮತ್ತೆ ಬನ್ನಿ.

ಉತ್ತರ: ನೀರಿಗಿಳಿಯೋದರ ಬಗ್ಗೆ ನಾನೊಂದು ಸೇರಿಸ್ತೀನಿ. ಅಲೆಗಳ ನಡುವೆ ಒಂದು ಕಡೆ ಮಾತ್ರ ಅಲೆ ಒಡೀದೆ ಶಾಂತವಾಗಿ ಕಾಣ್ತಿದ್ರೆ ಅಮ್ಮನ್ನ ಅಲ್ಲಿಗೇ ಕರ್ಕೊಂಡು ಹೋಗೋಣ ಅನ್ಸುತ್ತೆ, ಆದ್ರೆ ಎಷ್ಟೋ ಸಲ ನೀರು ವಾಪಸ್ ಸಮುದ್ರಕ್ಕೆ ಎಳ್ಕೊಂಡು ಹೋಗೋ ಜಾಗ ಅದೇ. ಲೈಫ್‌ಗಾರ್ಡ್ ಇಲ್ಲ ಅಂದ್ಮೇಲೆ ಮೊಣಕಾಲ ಕೆಳಗಿನ ನೀರು ಸಾಕು, ಅಲೆಗೆ ಬೆನ್ನು ಹಾಕಿ ನಿಲ್ಲೋದು ಬೇಡ, ನೀವು ಅಮ್ಮನ ಕೈ ಹಿಡ್ಕೊಂಡೇ ಇರಿ. ಚಪ್ಪಲಿ ಬಿಚ್ಚಿಸ್ಬೇಡಿ, ಹಿಂದೆ ಪಟ್ಟಿ ಇರೋ ಸ್ಯಾಂಡಲ್ ಒಳ್ಳೇದು. ದಡಕ್ಕೆ ಬಿದ್ದು ಸತ್ತಿರೋ ಜೆಲ್ಲಿ ಮೀನೂ ಕುಟುಕುತ್ತೆ, ಅಮ್ಮ ಏನಿದು ಅಂತ ಬಗ್ಗಿ ಮುಟ್ಟೋಕೆ ಮುಂಚೆ ಹೇಳಿಡಿ.

ಉತ್ತರ: ಮೇಲೆ ಎಲ್ರೂ ಹೇಳಿದ್ದು ಸರಿ, ಅದನ್ನೆಲ್ಲ ಹಿಂದಿನ ದಿನವೇ ಮುಗಿಸಿ. ಅಲ್ಲಿ ಹೋದ್ಮೇಲೆ ಹತ್ತು ನಿಮಿಷಕ್ಕೊಂದ್ಸಲ ಸಾಕಾ, ಹೋಗೋಣ್ವಾ, ಬಿಸಿಲಾ ಅಂತ ಕೇಳ್ತಾ ಇದ್ರೆ ಅಮ್ಮಂಗೆ ನಿಮ್ಮನ್ನ ಸಮಾಧಾನ ಮಾಡೋ ಕೆಲಸ ಅಂಟ್ಕೊಳ್ಳುತ್ತೆ, ಜೀವಮಾನ ಪೂರ್ತಿ ಎಲ್ರ ಟೈಮ್ ನೋಡ್ಕೊಂಡು ಬದುಕಿರೋರು ಅವರು, ಒಂದು ದಿನ ಅವರ ಟೈಮ್ ಯಾರೂ ನೋಡ್ಬಾರ್ದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನೀರು ಮುಂದಿಟ್ಟು ನೀವೂ ಪಕ್ಕದಲ್ಲಿ ಕೂತ್ಬಿಡಿ, ಮೊಬೈಲ್ ಬ್ಯಾಗಲ್ಲಿರ್ಲಿ. ನೀರು ಇಳಿದಾಗ ಚಿಕ್ಕ ಚಿಕ್ಕ ಏಡಿಗಳು ಬಿಲದಿಂದ ಬಂದು ಮರಳಲ್ಲಿರೋ ಆಹಾರ ತಿಂದು ಉಳಿದ ಮರಳನ್ನ ಗುಂಡು ಗುಂಡಾಗಿ ಉರುಳಿಸಿ ಬಿಡ್ತಾವೆ, ನಮ್ಮಮ್ಮ ಅದನ್ನ ನೋಡ್ಕೊಂಡು ಒಂದು ಗಂಟೆ ಅಲ್ಲಾಡ್ದೆ ಕೂತಿದ್ರು, ಆಮೇಲೆ ತಾವಾಗೇ ಅವರ ಅಜ್ಜಿ ಕತೆ ಶುರು ಮಾಡಿದ್ರು, ನಾನು ಅದುವರೆಗೂ ಕೇಳೇ ಇರ್ಲಿಲ್ಲ.

ಉತ್ತರ: ಒಂದು ಚಿಕ್ಕದು. ಉಷ್ಣವಲಯದಲ್ಲಿ ಸೂರ್ಯ ಹೆಚ್ಚು ಕಮ್ಮಿ ನೇರವಾಗಿ ಕೆಳಗಿಳಿಯೋದ್ರಿಂದ ಮುಳುಗಿದ್ಮೇಲೆ ಬೆಳಕು ಬೇಗ ಹೋಗುತ್ತೆ. ಸೂರ್ಯಾಸ್ತ ನೋಡೇ ಹೊರಡೋದಾದ್ರೆ ಟೆಂಟು, ಟಾರ್ಪಾಲು ಮೊದಲೇ ಗಾಡಿಗೆ ಹಾಕಿ, ಚೇರೊಂದೇ ಉಳಿಸಿ, ಟಾರ್ಚ್ ಕೈಯಲ್ಲಿರ್ಲಿ. ಫೋನ್ ಸಿಗ್ನಲ್ ಎಲ್ಲಿ ತನಕ ಬರುತ್ತೆ ಅಂತ ಹೋಗ್ತಾನೇ ನೋಡ್ಕೊಳ್ಳಿ, ಎಷ್ಟೊತ್ತಿಗೆ ವಾಪಸ್ ಬರ್ತೀವಿ ಅಂತ ಮನೇಲೊಬ್ರಿಗೆ ಹೇಳಿರಿ.