ಕಾರಿನ ಮೇಲೆ ಎರಡು ಕಯಾಕ್: ಚೋರಡಿ ದಾಟುವಷ್ಟರಲ್ಲಿ ಒಂದು ಓರೆಯಾಯಿತು

ತುಂಗೆದಂಡೆ ಮೇಷ್ಟ್ರು:
ನಾನು ಶಿವಮೊಗ್ಗದ ಗಣಿತದ ಮೇಷ್ಟ್ರು. ನಿವೃತ್ತಿಗೆ ಎರಡು ವರ್ಷವಿರುವಾಗ ಹುಚ್ಚು ಹಿಡಿದು ಎರಡು ಹಳೆಯ ಕಯಾಕ್ (ಹುಟ್ಟು ಹಾಕುವ ಕಿರಿದಾದ ಸಣ್ಣ ದೋಣಿ) ಕೊಂಡಿದ್ದೇನೆ. ಪ್ಲಾಸ್ಟಿಕ್‌ನವು, 12 ಅಡಿ ಉದ್ದ, ಒಂದೊಂದೂ 25 ಕೆಜಿ. ಕಾರು ನಾಲ್ಕು ಮೀಟರಿನೊಳಗಿನದು, ಮೇಲೆ ಎರಡು ಅಡ್ಡಕಂಬಿಯ ಕ್ಯಾರಿಯರ್ ಹಾಕಿಸಿದ್ದೇನೆ.

ಕಳೆದ ಭಾನುವಾರ ಶರಾವತಿ ಹಿನ್ನೀರಿನ ಹೊನ್ನೇಮರಡಿಗೆ ಹೊರಟೆವು. ಎರಡನ್ನೂ ಅಂಗಾತ ಇಟ್ಟು, ತೆಂಗಿನ ನಾರಿನ ಹಗ್ಗವನ್ನು ಬಾಗಿಲುಗಳೊಳಗಿಂದ ತೂರಿಸಿ ಬಿಗಿದಿದ್ದೆ. ತುದಿಗಳಿಗೆ ರಬ್ಬರ್ ಟ್ಯೂಬಿನ ಪಟ್ಟಿ. ಕುಂಸಿಯಲ್ಲಿ ಮಳೆ ಹಿಡಿಯಿತು. ಚೋರಡಿ ದಾಟಿದ ಮೇಲೆ ಒಂದು ರಸ್ತೆಯುಬ್ಬು ಹಾರಿಸಿದಾಗ ಮೇಲೆ ‘ದಡ್’ ಎಂದಿತು. ಇಳಿದು ನೋಡಿದರೆ ಬಲಗಡೆಯದರ ಮೂತಿ ರಸ್ತೆಯ ನಡುವಿನ ಕಡೆಗೆ ತಿರುಗಿದೆ, ಎದುರಿನಿಂದ ಬಸ್ ಬರುತ್ತಿದೆ. ಸಾಲದ್ದಕ್ಕೆ ಹಗ್ಗದ ಗುಂಟ ನೀರು ಹರಿದು ಬಂದು ಹಿಂದಿನ ಸೀಟು ತೊಯ್ದಿತ್ತು. ‘ದೋಣಿಗಿಂತ ಮೊದಲು ನಾನೇ ನೀರಿಗಿಳಿದೆನಲ್ಲ’ ಎಂದಳು ಮನೆಯಾಕೆ. ಅಲ್ಲಿಂದಲೇ ವಾಪಸು. ನನ್ನ ತಪ್ಪೆಲ್ಲಿ?

ಲಾರಿಯವರ ಮಗ:
ಮೇಷ್ಟ್ರೇ, ತಪ್ಪು ಟ್ಯೂಬಿನಲ್ಲಿದೆ. ಹಾಲಿನ ಕ್ಯಾನನ್ನು ಬೈಕಿಗೆ ಕಟ್ಟಲು ಅದು ಸರಿ. ಎಳೆದಷ್ಟೂ ಹಿಗ್ಗುವ ವಸ್ತು, ಭಾರ ಎಗರಿದಾಗ ತಾನೂ ಜೊತೆಗೆ ಎಗರುತ್ತದೆ. ಅಪ್ಪ ಅಡಿಕೆ ಮೂಟೆ ಹೇರಿದ ಮೇಲೆ ಐದಾರು ಕಿಲೋಮೀಟರ್ ಓಡಿಸಿ, ನಿಲ್ಲಿಸಿ, ಹಗ್ಗಕ್ಕೆ ಕೈಯಿಂದ ಹೊಡೆದು ನೋಡುತ್ತಿದ್ದರು. ಗಂಟು ಎಷ್ಟೇ ಗಟ್ಟಿಯಿದ್ದರೂ ಭಾರ ಕುಲುಕಿ ಕೂತ ಮೇಲೆ ಹಗ್ಗ ಸಡಿಲವಾಗುತ್ತದೆ. ನೀವು ಆಯನೂರಿನಲ್ಲಿ ಒಮ್ಮೆ ಇಳಿದು ನೋಡಿದ್ದರೆ ಚೋರಡಿಯ ಗಾಬರಿ ತಪ್ಪುತ್ತಿತ್ತು.

ಘಟ್ಟದ ಕೆಳಗಿನವಳು:
ನಾನು ಉಡುಪಿಯ ಕಡೆಯವಳು, ಕಯಾಕ್ ಹೇರಿಕೊಂಡು ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಹತ್ತಿ ಇಳಿದವಳು. ಮೊದಲು ಕಾರಿನ ಕೈಪಿಡಿ ತೆಗೆದು ಛಾವಣಿ ಎಷ್ಟು ತೂಕ ತಾಳುತ್ತದೆ ಎಂಬುದನ್ನು ಓದಿ. ಎರಡು ದೋಣಿ 50 ಕೆಜಿ, ಕ್ಯಾರಿಯರ್‌ನ ತೂಕವೂ ಅದರ ಮೇಲೆ ಸೇರುತ್ತದೆ. ಕೆಲವು ಕಾರುಗಳ ಮೇಲಿನ ಉದ್ದ ಕಂಬಿ (ರೂಫ್ ರೈಲ್) ಬರೀ ಅಲಂಕಾರ, ಭಾರ ಹೊರುವುದಿಲ್ಲ. ಮಿತಿ ಮೀರಿದರೆ ಒಂದೇ ದೋಣಿ ಒಯ್ಯಿರಿ, ಮನಸ್ಸಿಗೆ ಕಷ್ಟವಾದರೂ.

ನಾರಿನ ಹಗ್ಗ ಬಿಟ್ಟು ಬಕಲ್ ಇರುವ ಪಾಲಿಯೆಸ್ಟರ್ ಬೆಲ್ಟ್ ತೆಗೆದುಕೊಳ್ಳಿ. ನೈಲಾನ್ ಒದ್ದೆಯಾದರೆ ಹಿಗ್ಗುತ್ತದೆ, ನಮ್ಮ ಮಳೆಗೆ ಆಗದು. ಹಿಡಿಕೆ ಮೀಟಿ ಬಿಗಿಯುವ ರ‍್ಯಾಚೆಟ್ ಬೆಲ್ಟನ್ನೂ ಕೊಳ್ಳಬೇಡಿ. ಜೋರಾಗಿ ಬಿಗಿದರೆ ಪ್ಲಾಸ್ಟಿಕ್ ಒಳಕ್ಕೆ ತಗ್ಗುತ್ತದೆ, ಬಿಸಿಲಿಗೆ ನಿಲ್ಲಿಸಿದ್ದರೆ ಇನ್ನೂ ಬೇಗ. ನನ್ನ ಮೊದಲ ದೋಣಿಯ ತಳ ಹಾಗೆಯೇ ಇಡ್ಲಿ ತಟ್ಟೆಯಾಯಿತು. ಬೆಲ್ಟನ್ನು ದೋಣಿಯ ಮೇಲಿನಿಂದ ತಂದು ಅಡ್ಡಕಂಬಿಗೇ ಸುತ್ತಿ, ಬಾಗಿಲೊಳಗೆ ಬೇಡ. ದೋಣಿಯನ್ನು ಬೋರಲು ಹಾಕಿ. ಅಂಗಾತ ಇಟ್ಟ ದೋಣಿಯಲ್ಲಿ ಮಲೆನಾಡಿನ ಮಳೆ ಅರ್ಧ ಗಂಟೆಯಲ್ಲಿ ಎಷ್ಟು ತುಂಬುತ್ತದೆ, ನೀವೇ ಲೆಕ್ಕ ಹಾಕಿ. ಒಂದು ಲೀಟರಿಗೆ ಒಂದು ಕೆಜಿ.

ಇನ್ನು ಮುಖ್ಯವಾದದ್ದು ಮೂತಿ. ಮುಂದಿನ ಗಾಜಿಗೆ ಬಡಿದ ಗಾಳಿ ಮೇಲಕ್ಕೆ ಏರಿ ಮೂತಿಯನ್ನು ಎತ್ತುತ್ತದೆ. ವೇಗ ಇಮ್ಮಡಿಯಾದರೆ ಆ ಒತ್ತಡ ನಾಲ್ಕು ಪಟ್ಟು, ಇದನ್ನು ಗಣಿತದ ಮೇಷ್ಟ್ರಿಗೆ ಬಿಡಿಸಿ ಹೇಳಬೇಕಿಲ್ಲ. 40ರಲ್ಲಿ ಸುಮ್ಮನಿದ್ದ ದೋಣಿ 80ರಲ್ಲಿ ಬೇರೆಯದೇ ಪ್ರಾಣಿ. ಮುಂದೆ ಬಂಪರಿನಲ್ಲಿ ತಿರುಪಿ ಕೂರಿಸುವ ಕಬ್ಬಿಣದ ಕೊಂಡಿ ಕಾರಿನ ಉಪಕರಣಗಳ ಜೊತೆ ಇರಬಹುದು, ಮೂತಿಯ ಹಗ್ಗವನ್ನು ಅದಕ್ಕೆ ಕಟ್ಟಿ. ಹಿಂತುದಿಗೂ ಒಂದು ಹಗ್ಗ. ಉಳಿದ ತುದಿ ಜೋತಾಡದಂತೆ ಸುತ್ತಿಡಿ. ಚಕ್ರಕ್ಕೆ ಸಿಕ್ಕಿದರೆ ದೋಣಿಯನ್ನೇ ಎಳೆದು ಕೆಳಗೆ ಹಾಕುತ್ತದೆ.

ಲಾರಿಯವರ ಮಗ:
ಬಿಸಿಲಿನಲ್ಲಿ ಬಿಗಿದಿಡಬಾರದು, ಮಳೆಯಲ್ಲಿ ಅಂಗಾತ ಇಡಬಾರದು. ಹಾಗಾದರೆ ಎಲ್ಲಿ ಇಡುವುದು ಅಕ್ಕಾ?

ಘಟ್ಟದ ಕೆಳಗಿನವಳು:
ಮನೆಯ ಜಗುಲಿಯಲ್ಲಿ, ತಮ್ಮಾ.

ತುಂಗೆದಂಡೆ ಮೇಷ್ಟ್ರು:
ಇಬ್ಬರಿಗೂ ಉಪಕಾರ. ಕೈಪಿಡಿ ನೋಡಿದೆ, 50 ಕೆಜಿಯೇ ಮಿತಿ. ಕ್ಯಾರಿಯರ್ 6 ಕೆಜಿ. ಅಂದರೆ ನಾನು ಆ ದಿನ ಪರೀಕ್ಷೆಯಲ್ಲಿ ಮೊದಲೇ ಅನುತ್ತೀರ್ಣ.

ಇವತ್ತು ಒಂದನ್ನೇ ಬೋರಲು ಹಾಕಿ ಸಕ್ರೆಬೈಲಿನವರೆಗೆ ಹೋಗಿ ಬಂದೆ. 60 ದಾಟಲಿಲ್ಲ. ಗಾಜನೂರಿನಲ್ಲಿ ನಿಲ್ಲಿಸಿ ಹೊಡೆದು ನೋಡಿದೆ, ಎಡಬದಿಯ ಬೆಲ್ಟ್ ಎರಡು ಬೆರಳು ಸಡಿಲವಾಗಿತ್ತು. ದಾರಿಯುದ್ದಕ್ಕೂ ಮೇಲಿನಿಂದ ಜೀರುಂಡೆಯಂತೆ ‘ಗುಂಯ್’ ಎನ್ನುವ ಸದ್ದು. ಏನಾದರೂ ಮುರಿಯುತ್ತಿದೆಯೇ?

ಘಟ್ಟದ ಕೆಳಗಿನವಳು:
ಇಲ್ಲ, ಬೆಲ್ಟ್ ಗಾಳಿಗೆ ಅದುರುತ್ತಿದೆ. ಕಂಬಿಯಿಂದ ದೋಣಿಗೆ ಹೋಗುವ ಬಿಡಿ ಭಾಗದಲ್ಲಿ ಬೆಲ್ಟನ್ನು ಒಂದು ಸುತ್ತು ಹುರಿ ತಿರುಚಿ.

ತುಂಗೆದಂಡೆ ಮೇಷ್ಟ್ರು:
ತಿರುಚಿದೆ, ನಿಂತಿತು. ಎರಡನೆಯ ದೋಣಿಯನ್ನು ಯಾರ ಕಾರಿನ ಮೇಲೆ ಹೇರುವುದೆಂಬ ಚರ್ಚೆ ಮನೆಯಲ್ಲಿ ನಡೆದಿದೆ. ಭಾವಮೈದುನ ಫೋನ್ ಎತ್ತುತ್ತಿಲ್ಲ.