ಹಣೆಯ ಮೂಳೆ ದಪ್ಪವಾಗಿದೆಯಂತೆ, ತಲೆ ಬಾಚಿದರೂ ನೋವು

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಅಮ್ಮನಿಗೆ 73 ವರ್ಷ, ಶುಗರ್ ಇದೆ. ಒಂದು ತಿಂಗಳಿಂದ ಬಲಗಡೆ ಕಣತಲೆಯಲ್ಲಿ ನೋವು, ಬಾಚಣಿಗೆ ತಾಗಿದರೂ ಚೀರುತ್ತಾರೆ. ರೊಟ್ಟಿ ಅಗಿಯುತ್ತ ಅಗಿಯುತ್ತ ದವಡೆ ಸೋತು ಅರ್ಧಕ್ಕೇ ಬಿಡುತ್ತಾರೆ. ಸಿ.ಟಿ. ರಿಪೋರ್ಟಿನಲ್ಲಿ ಹಣೆಯ ಮೂಳೆ ಒಳಗಡೆ ದಪ್ಪವಾಗಿದೆ, ಹೈಪರ್‌ಆಸ್ಟೋಸಿಸ್ ಫ್ರಾಂಟಾಲಿಸ್ ಇಂಟರ್ನಾ ಅಂತ ಬರೆದಿದ್ದಾರೆ. ರಕ್ತಪರೀಕ್ಷೆಯಲ್ಲಿ ಉರಿಯೂತ ತೋರಿಸುವ ಇಎಸ್‌ಆರ್ 92 ಇದೆ, ಮೂಳೆ ಮತ್ತು ಲಿವರ್‌ನಿಂದ ಬರುವ ಆಲ್ಕಲೈನ್ ಫಾಸ್ಫಟೇಸ್ ಸ್ವಲ್ಪ ಜಾಸ್ತಿ. ರಕ್ತನಾಳದ ಉರಿಯೂತ ಇರಬಹುದು ಅಂತ ಮುಂದಿನ ವಾರ ಬಯಾಪ್ಸಿಗೆ (ರಕ್ತನಾಳದ ಚೂರು ತೆಗೆದು ಪರೀಕ್ಷಿಸಲು) ದಿನ ಕೊಟ್ಟಿದ್ದಾರೆ. ಮೂಳೆ ದಪ್ಪವಾಗಿದ್ದಕ್ಕೇ ಇದೆಲ್ಲ ಬಂತಾ?

ಉತ್ತರ: ಮೊದಲು ಅಮ್ಮನನ್ನು ಒಂದು ಮಾತು ಕೇಳಿ ಬನ್ನಿ. ಸ್ವಲ್ಪ ಹೊತ್ತಾದರೂ ಕಣ್ಣು ಮಂಜಾಗಿತ್ತೇ? ಒಂದು ಎರಡಾಗಿ ಕಂಡಿತ್ತೇ?

ಮೂಳೆಯ ವಿಷಯಕ್ಕೆ ಹೆದರಬೇಡಿ. ಮುಟ್ಟು ನಿಂತ ಹೆಂಗಸರಲ್ಲಿ ಹಣೆಮೂಳೆಯ ಒಳಪದರ ಹೀಗೆ ದಪ್ಪವಾಗುವುದು ಸಾಮಾನ್ಯ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಣ್ಣಿಗೆ ಬೀಳುತ್ತದೆ, ಹೆಚ್ಚಿನವರಿಗೆ ಚಿಕಿತ್ಸೆಯೂ ಬೇಕಾಗುವುದಿಲ್ಲ. ಜೈಂಟ್ ಸೆಲ್ ಆರ್ಟರೈಟಿಸ್ ಎಂಬ ರಕ್ತನಾಳದ ಉರಿಯೂತವೂ 50 ದಾಟಿದವರಿಗೇ ಬರುವಂಥದ್ದು, ಅದರಲ್ಲೂ 70ರ ಆಚೆಯ ಹೆಂಗಸರಲ್ಲಿ ಜಾಸ್ತಿ. ವಯಸ್ಸು ಒಂದೇ ಆದ್ದರಿಂದ ಎರಡೂ ಒಬ್ಬರಲ್ಲೇ ಕಾಣಿಸಬಹುದು. ಉರಿಯೂತಕ್ಕೆ ಮೂಳೆ ದಪ್ಪವಾದದ್ದು ಕಾರಣ ಎನ್ನಲು ಆಧಾರವಿಲ್ಲ. ಫಾಸ್ಫಟೇಸ್ ನೋಡಿದವರು ಪ್ಯಾಜೆಟ್ ಎಂಬ ಮೂಳೆಯ ಕಾಯಿಲೆ ಎಂದಾರು, ಅದರಲ್ಲೂ ತಲೆಬುರುಡೆ ದಪ್ಪವಾಗುತ್ತದೆ. ಆದರೆ ಈ ಉರಿಯೂತದಲ್ಲೂ ಫಾಸ್ಫಟೇಸ್ ಏರುವುದುಂಟು.

ನನಗೆ ಭಯವಿರುವುದು ಆ ರೊಟ್ಟಿಯ ವಿಷಯದಲ್ಲಿ. ಅಗಿಯುವಾಗ ದವಡೆ ಸೋಲುವುದೆಂದರೆ ಅಲ್ಲಿನ ಸ್ನಾಯುವಿಗೆ ರಕ್ತ ಸಾಲುತ್ತಿಲ್ಲ. ಕಣ್ಣಿನ ನರಕ್ಕೂ ಹೀಗೇ ಆದರೆ ಹೋದ ದೃಷ್ಟಿ ಸಾಮಾನ್ಯವಾಗಿ ಮರಳುವುದಿಲ್ಲ. ಬಯಾಪ್ಸಿಗಾಗಿ, ಉರಿಯೂತ ತಗ್ಗಿಸುವ ಸ್ಟಿರಾಯ್ಡ್ ಔಷಧಿಯನ್ನು ತಡೆದಿಡಬಾರದು. ಶುರುಮಾಡಿ ಒಂದೆರಡು ವಾರವಾದರೂ ಬಯಾಪ್ಸಿಯಲ್ಲಿ ಕಾಯಿಲೆಯ ಗುರುತು ಸಿಗುತ್ತದೆ. ಸಾಮಾನ್ಯವಾಗಿ ದಿನಕ್ಕೆ 40ರಿಂದ 60 ಮಿ.ಗ್ರಾಂ. ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಕೊಡುತ್ತೇವೆ. ನಿಮ್ಮ ವೈದ್ಯರಿಗೆ ಈಗಲೇ ಫೋನ್ ಮಾಡಿ.

ಪ್ರಶ್ನೆ: ಕೇಳಿದೆ ಡಾಕ್ಟ್ರೇ. ಮೊನ್ನೆ ಬಲಗಣ್ಣಿಗೆ ಎರಡು ನಿಮಿಷ ಪರದೆ ಬಿದ್ದ ಹಾಗಾಗಿತ್ತಂತೆ, ನಮಗೆ ಗಾಬರಿಯಾಗುತ್ತದೆಂದು ಹೇಳಲಿಲ್ಲವಂತೆ. ಸ್ಟಿರಾಯ್ಡ್ ಕೊಟ್ಟರೆ ಶುಗರ್ ಏರುವುದಿಲ್ಲವೇ?

ಉತ್ತರ: ಏರುತ್ತದೆ, ಶುಗರ್ ಮಾತ್ರೆ ಹೆಚ್ಚಿಸಬೇಕಾದೀತು, ಇನ್ಸುಲಿನ್ನೂ ಬೇಕಾದೀತು. ಬೆಳಿಗ್ಗೆ ಸ್ಟಿರಾಯ್ಡ್ ತೆಗೆದುಕೊಂಡರೆ ಮಧ್ಯಾಹ್ನದ ಮೇಲೆ ಏರುವುದು ಜಾಸ್ತಿ, ಹಾಗಾಗಿ ಖಾಲಿ ಹೊಟ್ಟೆಯ ಶುಗರ್ ಒಂದನ್ನೇ ನಂಬಬೇಡಿ. ಮೂಳೆ ಸವೆಯದಂತೆ ಕ್ಯಾಲ್ಸಿಯಂ, ವಿಟಮಿನ್ ಡಿ ಕೊಡುತ್ತಾರೆ. ನೋವು ಹೋಯಿತೆಂದು ನೀವಾಗಿಯೇ ನಿಲ್ಲಿಸಬೇಡಿ. ಅದೆಲ್ಲ ಆಮೇಲಿನ ಮಾತು. ಈಗ ರಿಪೋರ್ಟುಗಳನ್ನೂ ಶುಗರ್ ಚೀಟಿಯನ್ನೂ ಹಿಡಿದು ಅಮ್ಮನನ್ನು ಎಮರ್ಜೆನ್ಸಿಗೆ ಕರೆದುಕೊಂಡು ಹೊರಡಿ. ಬೆಳಗಾಗಲಿ ಎಂದು ಕಾಯಬೇಡಿ.