ಪದಚರ್ಚೆ: ‘ಆಕ್ಸೆಸಿಬಲ್’ ಅಂದರೆ ಕೈಗೆಟುಕುವುದಾ, ದಕ್ಕುವುದಾ?

ಎಲ್ಲರಿಗೂ ನಮಸ್ಕಾರ.

ನಾಲ್ಕು ದಿನದಿಂದ ಒಂದು ಪದಕ್ಕೆ ಒದ್ದಾಡುತ್ತಿದ್ದೇನೆ. ಅಮೆರಿಕದ ಕಪ್ಪು ಜನರ ಮಾನಸಿಕ ಆರೋಗ್ಯಕ್ಕೆ ಅವರ ಸಮುದಾಯವೇ ಹೇಗೆ ಹೆಗಲು ಕೊಡುತ್ತಿದೆ ಅಂತ ಒಂದು ಲೇಖನ ಬರೆಯುತ್ತಿದ್ದೇನೆ. ಅದರಲ್ಲಿ ಮಾತೆತ್ತಿದರೆ ಇಂಗ್ಲಿಷಿನ ‘ಆಕ್ಸೆಸಿಬಲ್’ ಬರುತ್ತದೆ, ಅದಕ್ಕೊಂದು ಕನ್ನಡ ಪದ ಬೇಕು.

ಮೊದಲು ‘ಕೈಗೆಟುಕುವ ಆರೈಕೆ’ ಅಂತ ಹಾಕಿದೆ. ಓದಿದ ಗೆಳತಿ, “ಏನೇ ಇದು, ಸೈಟ್ ಮಾರೋ ಜಾಹೀರಾತಾ?” ಅಂದಳು. ನಿಜ ಅಲ್ವಾ? ‘ಕೈಗೆಟುಕುವ ಬೆಲೆ’ ಅಂತ ಕೇಳಿ ಕೇಳಿ ಆ ಪದಕ್ಕೆ ದುಡ್ಡಿನ ವಾಸನೆ ಅಂಟಿಕೊಂಡುಬಿಟ್ಟಿದೆ.

ದುಡ್ಡಿನ ಮಾತು ಇಲ್ಲವೇ ಇಲ್ಲ ಅಂತಲ್ಲ. ನ್ಯೂಯಾರ್ಕಿನಲ್ಲಿ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ನಲ್ಲಿ 1946ರಲ್ಲಿ ಲಫಾರ್ಗ್ ಅನ್ನುವ ಮನೋಚಿಕಿತ್ಸೆಯ ಕ್ಲಿನಿಕ್ ಶುರುವಾಯಿತು, ಸೇಂಟ್ ಫಿಲಿಪ್ಸ್ ಚರ್ಚಿನ ನೆಲಮಾಳಿಗೆಯಲ್ಲಿ. ಮನೋವೈದ್ಯ ಫ್ರೆಡ್ರಿಕ್ ವರ್ಥಮ್, ಕಾದಂಬರಿಕಾರ ರಿಚರ್ಡ್ ರೈಟ್ ಮೊದಲಾದವರು ಸೇರಿ ಕಟ್ಟಿದ್ದು. ಫೀಸು 25 ಸೆಂಟ್, ಅದೂ ಇಲ್ಲದವರಿಗೆ ಪುಕ್ಕಟೆ. ಡಾಕ್ಟರುಗಳು ಸಂಬಳ ಇಲ್ಲದೆ ಕೆಲಸ ಮಾಡುತ್ತಿದ್ದರು. ವಾರಕ್ಕೆ ಎರಡೇ ದಿನ, ಅದೂ ಸಂಜೆ ಹೊತ್ತು ತೆರೆಯುತ್ತಿತ್ತು, ಅಂದರೆ ದಿನದ ಕೂಲಿ ಬಿಡದೆ, ಓಣಿಯಲ್ಲೇ ಇರುವ, ಗೊತ್ತಿರುವ ಚರ್ಚಿನ ಮೆಟ್ಟಿಲು ಇಳಿದು ಹೋಗಿಬರಬಹುದಿತ್ತು. ಇಷ್ಟೆಲ್ಲ ‘ಕೈಗೆಟುಕುವ’ದಲ್ಲಿ ಬರುತ್ತಾ? ನನಗೇನೋ ಬರಲ್ಲ ಅನ್ನಿಸುತ್ತದೆ.

ಇನ್ನೊಂದು ತೊಡಕು ನಂಬಿಕೆಯದು. 1851ರಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಅನ್ನುವ ಡಾಕ್ಟರ್, ಗುಲಾಮರು ಓಡಿಹೋಗುವುದೇ ಒಂದು ಮನೋರೋಗ ಅಂತ ಬರೆದು ಅದಕ್ಕೆ ‘ಡ್ರೇಪಟೋಮೇನಿಯಾ’ ಅಂತ ಹೆಸರನ್ನೂ ಇಟ್ಟ. ಬಿಡುಗಡೆ ಬಯಸುವುದನ್ನೇ ಕಾಯಿಲೆ ಅಂದ ವೈದ್ಯಲೋಕ ಅದು. ಅಂಥ ಕಡೆ ಪುಕ್ಕಟೆ ಚಿಕಿತ್ಸೆ ಅಂತ ಬೋರ್ಡು ಹಾಕಿದರೂ ಒಳಗೆ ಕಾಲಿಡೋಕೆ ಮನಸ್ಸು ಬರಬೇಕಲ್ಲ. ಅದಕ್ಕೇ ಈಗ ಅಲ್ಲಿ ಕೆಲವರು ಆಸ್ಪತ್ರೆ ಬಿಟ್ಟು ಕಟಿಂಗ್ ಶಾಪ್ ಹಿಡಿದಿದ್ದಾರೆ. ಅರ್ಕನ್ಸಾ ರಾಜ್ಯದಲ್ಲಿ ಹುಟ್ಟಿದ ಕನ್ಫೆಸ್ ಪ್ರಾಜೆಕ್ಟ್ ಅನ್ನುವ ಸಂಸ್ಥೆ ಕಪ್ಪು ಕ್ಷೌರಿಕರಿಗೆ ತರಬೇತಿ ಕೊಡುತ್ತದೆ: ಕುರ್ಚಿಯಲ್ಲಿ ಕೂತವನ ಮಾತಿಗೆ ಕಿವಿಗೊಡುವುದು, ಬೇಕಾದರೆ ಮುಂದೆ ಯಾರ ಹತ್ತಿರ ಹೋಗಬೇಕು ಅಂತ ಹೇಳುವುದು. (ಇಲ್ಲೂ ಒಂದು ಪದದ ಗೋಳು ನೋಡಿ. ‘ಕನ್ಫೆಸ್’ಗೆ ‘ತಪ್ಪೊಪ್ಪಿಗೆ’ ಅಂದರೆ ಪೊಲೀಸ್ ಸ್ಟೇಷನ್ ನೆನಪಾಗುತ್ತದೆ. ‘ತೋಡಿಕೊಳ್ಳುವುದು’ ಸರಿ ಅನ್ನಿಸಿತು. ಕಷ್ಟ ತೋಡಿಕೊಂಡ ಅಂತೀವಲ್ಲ, ಹಾಗೆ.)

ಸರಿ, ‘ಆಕ್ಸೆಸಿಬಲ್’ಗೆ ಏನು? ‘ಪ್ರವೇಶಿಸಬಹುದಾದ’ ಅನ್ನುವ ಸರ್ಕಾರಿ ಕನ್ನಡ ಬೇಡವೇ ಬೇಡ. ‘ಸುಗಮ್ಯ’ ಅಂದರೆ ಗಾಲಿಕುರ್ಚಿಯ ಇಳಿಜಾರು ದಾರಿ ಕಣ್ಣಮುಂದೆ ಬರುತ್ತದೆ, ಮೇಲಾಗಿ ಅದು ಹಿಂದಿಯಿಂದ ನೇರ ಇಳಿದದ್ದು. ‘ಸುಲಭವಾಗಿ ಸಿಗುವ’ ಪರವಾಗಿಲ್ಲ, ಆದರೆ ಸಿಗುವುದಕ್ಕೂ ನಮ್ಮದಾಗುವುದಕ್ಕೂ ವ್ಯತ್ಯಾಸ ಇದೆ.

ಈಗ ನನ್ನ ಮನಸ್ಸು ನಿಂತಿರುವುದು ‘ದಕ್ಕುವ’ ಮೇಲೆ. ತಿಂದದ್ದು ವಾಂತಿಯಾದರೆ ‘ಹೊಟ್ಟೆಗೆ ದಕ್ಕಲಿಲ್ಲ’ ಅಂತೀವಿ. ಅಂದರೆ ಸಿಕ್ಕಿತ್ತು, ತಿಂದದ್ದೂ ಆಯಿತು, ಆದರೆ ಉಳಿಯಲಿಲ್ಲ. ಚಿಕಿತ್ಸೆಯ ವಿಷಯದಲ್ಲೂ ಇದೇ ತಾನೆ? ಒಂದು ಸಲ ಹೋಗಿ, ಎದುರು ಕೂತ ಥೆರಪಿಸ್ಟಿಗೆ ತನ್ನ ಬದುಕನ್ನೇ ಮೊದಲಿಂದ ವಿವರಿಸಿ ಸುಸ್ತಾಗಿ ಮತ್ತೆ ಆ ಕಡೆ ತಲೆಹಾಕದವರಿಗೆ ಅದು ಸಿಕ್ಕಿದೆ, ದಕ್ಕಿಲ್ಲ. ‘ಎಲ್ಲರಿಗೂ ದಕ್ಕುವ ಆರೈಕೆ’ ಅಂದರೆ ಕಿವಿಗೂ ಹಿತ.

ಅನುಮಾನ ಇರುವುದು ಇಲ್ಲಿ: ‘ದಕ್ಕಿಸಿಕೊಂಡ’ ಅಂದರೆ ಬೇರೆಯವರ ಆಸ್ತಿ ನುಂಗಿ ನೀರು ಕುಡಿದ ಅನ್ನುವ ಅರ್ಥವೂ ಇದೆಯಲ್ಲ. ಆ ಛಾಯೆ ‘ದಕ್ಕುವ’ಕ್ಕೂ ತಗಲುತ್ತದಾ? ನಮ್ಮ ಮೈಸೂರು ಕಡೆ ನನಗೆ ಹಾಗನ್ನಿಸುವುದಿಲ್ಲ. ಧಾರವಾಡ, ಕಲಬುರಗಿ, ಮಂಗಳೂರಿನವರು ಹೇಳಬೇಕು.

ಜೊತೆಗೆ ಎರಡು ಚಿಕ್ಕ ಪ್ರಶ್ನೆ. ‘ಬ್ಲ್ಯಾಕ್’ಗೆ ನಾನು ‘ಕಪ್ಪು ಜನ’ ಅಂತಲೇ ಬರೆದಿದ್ದೇನೆ. ‘ಕರಿಯರು’ ನಮ್ಮಲ್ಲಿ ಬೈಗುಳದಂತೆಯೂ ಕೇಳುತ್ತದೆ, ‘ಕಪ್ಪುವರ್ಣೀಯರು’ ಪತ್ರಿಕೆಯ ಭಾಷೆ. ಇದಕ್ಕಿಂತ ಒಳ್ಳೆಯದು ಇದ್ದರೆ ತಿಳಿಸಿ. ಎರಡನೆಯದು, ‘ಮೆಂಟಲ್ ಹೆಲ್ತ್’ ಅಂತ ಹಾಗೇ ಬಿಡಿ, ಎಲ್ಲರಿಗೂ ಗೊತ್ತಾಗುತ್ತೆ ಅಂತ ಒಬ್ಬರು ಸಲಹೆ ಕೊಟ್ಟರು. ಆದರೆ ‘ಅವನೊಬ್ಬ ಮೆಂಟಲ್’ ಅಂತ ಬೈಯುವ ಊರಲ್ಲಿ ಆ ಪದ ಇಟ್ಟುಕೊಂಡು ಈ ಲೇಖನ ಬರೆಯೋಕೆ ನನಗೆ ಕೈ ಬರುತ್ತಿಲ್ಲ. ‘ಮನಸ್ಸಿನ ಆರೋಗ್ಯ’ ಸಾಕಲ್ವಾ? ‘ಮಾನಸಿಕ’ಕ್ಕಿಂತ ಅದೇ ಮೆತ್ತಗಿದೆ ಅನ್ನಿಸುತ್ತದೆ. ನೀವೇನಂತೀರಿ?